ವಾಪಸ್ ಬಂದ ಮೂರು ಮೂಟೆ: ಒಂದು ಕಾಫಿಪುಡಿ, ಅದರ ಮೂರು ಕತೆ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ಎಡವಟ್ಟು ಮಾಡಿದವನು ನಾನು. ಅತ್ತಿಗೆ ಮಾಡಿದ್ದು ಕಾಫಿಪುಡಿ, ನಾನು ಮಾಡಿದ್ದು ಆ ಪ್ಯಾಕೆಟ್ ಮೇಲಿನ ಕತೆ. ಪುಡಿ ಚೆನ್ನಾಗಿತ್ತು. ಕತೆ ಕೆಟ್ಟಿತ್ತು. ಈಗ ಊರಲ್ಲಿ ಮನೆಮನೆಯಲ್ಲೂ ಜೇನು, ಕಾಚಂಪುಳಿ ಅನ್ನುವ ಹುಳಿರಸ, ಕರಿಮೆಣಸು, ಹೋಮ್‌ಮೇಡ್ ವೈನ್ ಮಾರುವವರಿದ್ದಾರೆ. 'ನಮ್ಮ ಕತೆ' ಅಂತ ನಾಲ್ಕು ಸಾಲು ಬರೆದುಕೊಡು ಅಂತ ನನ್ನನ್ನೇ ಕೇಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಪೂರ್ತಿ ಬರೆಯುತ್ತಿದ್ದೇನೆ.

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಮೂರೂವರೆ ಎಕರೆ ತೋಟ. ಎರಡು ಜಾತಿ ಕಾಫಿ, ಜಾಸ್ತಿ ರೊಬಸ್ಟಾ, ಮೇಲಿನ ಏರಿಯಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮಜ್ಜ ಅರಕಲಗೂಡು ಕಡೆಯಿಂದ ಸ್ವಾತಂತ್ರ್ಯಕ್ಕೆ ಮೊದಲೇ ಬಂದು ಸುಂಟಿಕೊಪ್ಪದ ಆಚೆ ಒಂದು ಎಸ್ಟೇಟ್‌ನಲ್ಲಿ ರೈಟರ್ ಆಗಿ ಸೇರಿದವರು. ಆಳುಗಳ ಹಾಜರಿ ಬರೆಯುವುದು, ವಾರದ ಬಟವಾಡೆ ಲೆಕ್ಕ ಇಡುವುದು, ಇದೇ ಕೆಲಸ. ಈಗಿನ ತೋಟ ತೆಗೆದುಕೊಂಡದ್ದು ನಮ್ಮಪ್ಪ, ಅದೂ ಒಂದೇ ಸಲ ಅಲ್ಲ, ಅರ್ಧ ಎಕರೆ, ಮುಕ್ಕಾಲು ಎಕರೆ ಅಂತ ಕೂಡಿಸಿ ಕೂಡಿಸಿ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮರ್ಯಾದೆ ಹೋಗುವುದು ಇಲ್ಲೇ.

2018ರ ಆಗಸ್ಟ್ ಮಳೆಯನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಇಳಿದು ಬಂದವು. ನಮ್ಮ ಜಾಗಕ್ಕೆ ಏನೂ ಆಗಲಿಲ್ಲ, ಗಿಡದ ಕಾಯಿ ಮಾತ್ರ ಉದುರಿತು. ಮುಂದಿನ ಕುಯ್ಲಿಗೆ ಫಸಲು ಕಮ್ಮಿ. ಬೆಲೆಯೂ ಇಲ್ಲ. ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, 50 ಕಿಲೋ ಮೂಟೆಗೆ ಮೂರು ಸಾವಿರದ ಮೇಲೆ ಚಿಲ್ಲರೆ, ಅಷ್ಟೇ. ಕೂಲಿಗೆ ಅಂತ ಹೆಚ್ಚಿನದನ್ನೆಲ್ಲ ಮೊದಲೇ ಮಾರಿ ಆಗಿತ್ತು. 2019ರ ಏಪ್ರಿಲ್‌ನಲ್ಲಿ ಉಳಿದ ಮೂರು ಮೂಟೆಯನ್ನು ಅತ್ತಿಗೆ ಜೀಪಿಗೆ ಹಾಕಿಸಿಕೊಂಡು ವ್ಯಾಪಾರಿ ಹತ್ತಿರ ಹೋದರು. ಅಣ್ಣನಿಗೆ ಅವತ್ತು ಜ್ವರ. ಅವನು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಅಂತ ಅತ್ತಿಗೆ ಈಗಲೂ ನಗುತ್ತಾರೆ, ಅಣ್ಣ ಕೊಟ್ಟಷ್ಟು ತಗೊಂಡು ಬರುವ ಪೈಕಿ.

ಕಾಫಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು. ಒಣಗಿದ ಚೆರ್ರಿಯನ್ನು ಸುಮ್ನೆ ತೂಗಿ ದುಡ್ಡು ಕೊಡುವುದಿಲ್ಲ. ವ್ಯಾಪಾರಿ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗಿ ನೋಡುತ್ತಾನೆ. 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಬೀಜ ಬರುತ್ತದೋ ಅದು ಔಟ್‌ಟರ್ನ್. ಎಲ್ಲರ ಬಾಯಲ್ಲಿ ಅದು ಓಟಿ. ಅವತ್ತಿನ ರೇಟು ಒಂದೊಂದು ಓಟಿಗೆ 120 ರೂಪಾಯಿ. ಅತ್ತಿಗೆ ಮನೆಯಲ್ಲೇ ಒಂದು ಹಿಡಿ ಕುಟ್ಟಿ ತೂಗಿ ನೋಡಿದ್ದರು, ಓಟಿ 27ರ ಹತ್ತಿರ ಇತ್ತು. ವ್ಯಾಪಾರಿ 24 ಅಂದ. ಮೂಟೆಗೆ 360 ರೂಪಾಯಿ ವ್ಯತ್ಯಾಸ, ಮೂರಕ್ಕೆ 1,080. ಇನ್ನೊಂದು ಸಲ ನೋಡಿ ಅಂದರೆ, 'ಮೆಷಿನ್ ಸುಳ್ಳು ಹೇಳುತ್ತಾ ಅಕ್ಕ, ಬೇಕಾದ್ರೆ ವಾಪಸ್ ತಗೊಂಡ್ ಹೋಗಿ' ಅಂದನಂತೆ. ತಗೊಂಡು ಹೋಗುವುದಿಲ್ಲ ಅಂತ ಅವನಿಗೆ ಧೈರ್ಯ. ಯಾರು ತಗೊಂಡು ಹೋಗುತ್ತಾರೆ ಹೇಳಿ, ಜೀಪಿನ ಬಾಡಿಗೆ ಎರಡೂ ಕಡೆ ಕೊಡಬೇಕಲ್ಲ. ಅತ್ತಿಗೆ ತಗೊಂಡು ಬಂದರು.

ಮೂರು ಮೂಟೆ ಜಗಲಿಯ ಮೇಲೆ ಬಂದು ಕೂತವು. ಅಮ್ಮ ಬೈದರು. ಎರಡು ದಿನ ಯಾರೂ ಮಾತಾಡಲಿಲ್ಲ.

ಬಜಾರಿನಲ್ಲಿ ಹಿಂದೆ ಕಾಫಿಪುಡಿ ಅಂಗಡಿ ಇಟ್ಟಿದ್ದ ಒಬ್ಬ ಕಾಕ ಇದ್ದರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು, ಕೈಯಲ್ಲಿ ತಿರುಗಿಸುವ ಹುರಿಯುವ ಡ್ರಮ್ ಮಾತ್ರ ಹಿತ್ತಿಲಲ್ಲಿ ಉಳಿದಿತ್ತು. ಅತ್ತಿಗೆ ಮೂಟೆಗಳನ್ನು ಮಿಲ್ಲಿಗೆ ಹಾಕಿಸಿದರು, 80 ಕಿಲೋ ಬೀಜ ಬಂತು. ಮೂರರಿಂದ ಭಾಗಿಸಿ ನೋಡಿ, ಓಟಿ 27ಕ್ಕೆ ಸ್ವಲ್ಪ ಕಮ್ಮಿ, ಅವರ ಲೆಕ್ಕವೇ ಸರಿ. ಹುರಿಯುವುದನ್ನು ಕಾಕ ಹೇಳಿಕೊಟ್ಟರು. 'ಮೊದಲು ಪಟಪಟ ಅನ್ನುತ್ತೆ, ಹೆದರಬೇಡ. ಆಮೇಲೆ ಸುಮ್ಮನಾಗುತ್ತೆ. ಮತ್ತೆ ಸಣ್ಣಗೆ ಚಿಟಿಚಿಟಿ ಅನ್ನೋಕೆ ಶುರುವಾಯ್ತು ನೋಡು, ಆಗ ತಡ ಮಾಡಬಾರದು, ಸುರಿದುಬಿಡು.' ಹುರಿದಾಗ ತೇವ ಹಾರಿ ತೂಕ ಐದರಲ್ಲಿ ಒಂದು ಪಾಲಿನ ಹತ್ತಿರ ಇಳಿಯುತ್ತದೆ. 80 ಕಿಲೋ ಬೀಜಕ್ಕೆ ಸುಮಾರು 66 ಕಿಲೋ ಪುಡಿ ಸಿಕ್ಕಿತು. ನೆಂಟರು, ಅಕ್ಕಪಕ್ಕದವರು, ಅಮ್ಮನ ಸಂಘದವರು, ಹೀಗೆ ಕಿಲೋಗೆ 320ರಂತೆ ಮಳೆಗಾಲ ಹಿಡಿಯುವ ಹೊತ್ತಿಗೆ ಖಾಲಿ. ಆಗ ಹೆಸರಿಲ್ಲ, ಲೇಬಲ್ ಇಲ್ಲ, ಕತೆಯೂ ಇಲ್ಲ. ಮುಂದಕ್ಕೂ ಬೇಕು ಅಂತ ಜನ ಕೇಳಿದಾಗ ಅತ್ತಿಗೆ ಪಕ್ಕದ ತೋಟದವರಿಂದ ಮೂಟೆ ಕೊಂಡು ಹುರಿಯತೊಡಗಿದರು, ಸಿಪ್ಪೆ ಬಿಡಿಸಿ ಬಂದಷ್ಟೇ ಬೀಜಕ್ಕೆ ದುಡ್ಡು ಎಣಿಸಿ ಕೊಟ್ಟು.

ಆಗ ಬೆಂಗಳೂರಿನಿಂದ ನಾನು ಬಂದೆ. 'ಅತ್ತಿಗೆ, ಇದನ್ನ ಬ್ರಾಂಡ್ ಮಾಡೋಣ' ಅಂದೆ.

ಕೊಡಗಿನಲ್ಲಿ ಫೌಲರ್ ಅನ್ನುವ ಇಂಗ್ಲಿಷಿನವರು 1854ರಲ್ಲಿ ಮಡಿಕೇರಿ ಹತ್ತಿರ ತೋಟ ಮಾಡಿದ್ದನ್ನು ಓದಿದ್ದೆ. ತಲೆಯಲ್ಲಿ ಬಂಗಲೆ, ಕುದುರೆ, ಹಳೆಯ ಕಪ್ಪುಬಿಳುಪು ಫೋಟೋ. 'ಬ್ರಿಟಿಷರ ಕಾಲದಿಂದ ನಾಲ್ಕು ತಲೆಮಾರಿನ ಕಾಫಿ ಕುಟುಂಬ' ಅಂತ ಲೇಬಲ್ ಬರೆದೆ. ಲೆಕ್ಕ ಹಾಕಿದರೆ ಸುಳ್ಳು ಅಂತ ಹಿಡಿಯುವುದಕ್ಕೂ ಆಗದ ಹಾಗೆ ಬರೆದಿದ್ದೆ ಅನ್ನುವುದು ನನ್ನ ಜಂಬ. ಅಜ್ಜ ಬಂದದ್ದು ಬ್ರಿಟಿಷರ ಕಾಲದಲ್ಲಿ, ಹೌದು. ಕಾಫಿ ಕೆಲಸ, ಹೌದು. ನಾಲ್ಕು ತಲೆಮಾರು, ಅಣ್ಣನ ಮಗಳನ್ನು ಸೇರಿಸಿಕೊಂಡರೆ. ಅವಳು ಆಗ ಯುಕೆಜಿ. ಆ ವರ್ಷ ಕೊಡಗು ಅರೇಬಿಕಾ ಕಾಫಿಗೆ ಜಿಐ ಟ್ಯಾಗ್ (ಇಂಥ ಜಾಗದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತ್ತು, ಪೇಪರಿನಲ್ಲೆಲ್ಲ ಅದೇ ಸುದ್ದಿ, ಅದಕ್ಕೆ ಮೇಲೆ ದೊಡ್ಡದಾಗಿ 'ಕೊಡಗು ಅರೇಬಿಕಾ' ಅಂತಲೂ ಹಾಕಿದೆ. ಒಳಗೆ ಮುಕ್ಕಾಲು ಪಾಲು ರೊಬಸ್ಟಾ. ಇದು ಜಂಬವಲ್ಲ, ನೇರ ಮೋಸ, ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಅತ್ತಿಗೆ ಲೇಬಲ್ ಓದಿ, 'ಇದು ಯಾರ ಮನೆ ಕತೆ?' ಅಂದರು. ನನಗೆ ಅದು ಮೆಚ್ಚುಗೆ ಅನ್ನಿಸಿತ್ತು.

2019ರ ಮಡಿಕೇರಿ ದಸರಾಕ್ಕೆ ಒಂದು ಸ್ಟಾಲ್ ಹಾಕಿದೆವು. ದಶಮಂಟಪದ ಮೆರವಣಿಗೆ ನೋಡಲು ಬರುವ ಜನ ಅಂದರೆ ಕೇಳಬೇಕಾ, ಅದಕ್ಕೂ ನಾಲ್ಕು ದಿನ ಮುಂಚೆಯೇ ರಸ್ತೆ ತುಂಬಿರುತ್ತದೆ. ಮೊದಲ ಸಂಜೆ ಒಂದು ವಿಷಯ ಗಮನಿಸಿದೆ. ಜನ ಪ್ಯಾಕೆಟ್ ಎತ್ತುತ್ತಾರೆ, ಹಿಂದೆ ತಿರುಗಿಸಿ ಓದುತ್ತಾರೆ, ಮೆಲ್ಲಗೆ ಇಟ್ಟು ಹೋಗುತ್ತಾರೆ. ಒಬ್ಬರೂ ಒಂದು ಪ್ರಶ್ನೆ ಕೇಳುವುದಿಲ್ಲ. ಆಚೆಗೆ ಹೋಗಿ ನೋಡಿದರೆ ನಮ್ಮ ಸಾಲಿನಲ್ಲೇ ಇನ್ನೂ ಮೂರು ಕಡೆ 'ತಲೆಮಾರುಗಳಿಂದ' ಇತ್ತು. ಒಬ್ಬರದು ಐದು ತಲೆಮಾರು. ನಾವು ಒಂದು ತಲೆಮಾರಿನಿಂದ ಸೋತಿದ್ದೆವು.

ಎರಡನೇ ಸಂಜೆ ಒಬ್ಬ ಹಿರಿಯರು ಬಂದರು, ಎಂಬತ್ತರ ಮೇಲಿನ ವಯಸ್ಸು, ಕೈಯಲ್ಲಿ ಕೋಲು, ಜೊತೆಯಲ್ಲಿ ಮೊಮ್ಮಕ್ಕಳು. ಲೇಬಲ್ಲನ್ನು ಕನ್ನಡಕ ಏರಿಸಿ ಓದಿದರು. ಯಾವ ಊರು, ಯಾರ ಮಗ ಅಂತ ಕೇಳಿದರು. ನಾನು ಹೇಳಿದೆ.

'ಓ! ನಿಮ್ಮಜ್ಜ ನಮ್ಮ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ರಲ್ಲಾ!'

ಅವರು ಖುಷಿಯಲ್ಲೇ ಹೇಳಿದ್ದು. ಅಜ್ಜನ ಅಕ್ಷರ ಮುತ್ತಿನ ಹಾಗೆ ಇತ್ತು, ಒಂದು ದಿನ ಹಾಜರಿ ತಪ್ಪಿ ಬರೆದವರಲ್ಲ ಅಂತ ಎಲ್ಲ ನೆನೆಸಿಕೊಂಡರು. ಆದರೆ ಪಕ್ಕದಲ್ಲಿ ನಾಲ್ಕೈದು ಗಿರಾಕಿಗಳು ನಿಂತಿದ್ದರು. ಅವರು ಒಮ್ಮೆ ಲೇಬಲ್ ನೋಡಿದರು, ಒಮ್ಮೆ ನನ್ನ ಮುಖ. ಒಬ್ಬ ಹುಡುಗ ನಕ್ಕೇಬಿಟ್ಟ. ವಿಚಿತ್ರ ಅಂದರೆ ಆ ಹಿರಿಯರು ಹೇಳಿದ ಅಜ್ಜನ ಕತೆ ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಅದನ್ನು ಮುಚ್ಚಿಡಲು ನಾನು ಒಂದು ಬಂಗಲೆ ಕಟ್ಟಿದ್ದೆ. ಅಜ್ಜನ ಬಗ್ಗೆ ನನಗೆ ನಾಚಿಕೆ ಇತ್ತು ಅಂತ ಅವತ್ತೇ ಗೊತ್ತಾಗಿದ್ದು. ಅತ್ತಿಗೆ ಏನೂ ಅನ್ನಲಿಲ್ಲ. ಪೋಸ್ಟರ್ ಬಿಚ್ಚಿ ಸುತ್ತಿ ಮೇಜಿನ ಕೆಳಗೆ ಇಟ್ಟರು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಎರಡನೇ ಐಡಿಯಾ ತೆಗೆದೆ, ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಗುಡ್ಡ ಕುಸಿದ ಫೋಟೋ ಹಾಕೋಣ, 'ಪ್ರಳಯದಿಂದ ಎದ್ದು ಬಂದ ಕಾಫಿ' ಅನ್ನೋಣ. ಫಸಲು ಹೋದದ್ದು ನಿಜ ತಾನೇ? ಅತ್ತಿಗೆ ಕೈ ತೊಳೆಯುತ್ತಿದ್ದವರು ತಿರುಗಿ ನಿಂತರು. 'ನಮ್ಮ ಮನೆ ಒಂದು ಹೆಂಚೂ ಹಾರಿಲ್ಲ. ಆ ಕಡೆ ಏರಿಯವರು ಮನೆ ಇದ್ದ ಜಾಗ ಯಾವುದು ಅಂತ ಹುಡುಕ್ತಿದ್ದಾರೆ. ಅವರು ಈ ಪ್ಯಾಕೆಟ್ ನೋಡಿದ್ರೆ?' ಅಂದರು. ಮಾತು ಅಲ್ಲಿಗೆ ಮುಗಿಯಿತು.

ಅವರು ಹೇಳಿದ್ದು ಮರ್ಯಾದೆಯ ಮಾತು. ಅದರಲ್ಲಿ ವ್ಯಾಪಾರದ ಬುದ್ಧಿಯೂ ಇತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ. 2018ರ ಕೊನೆಯಲ್ಲಿ ಕೊಡಗಿನದು ಅಂದರೆ ಏನನ್ನಾದರೂ ಕೊಳ್ಳುವ ಜನ ಇದ್ದರು, ಒಳ್ಳೆಯ ಮನಸ್ಸಿನವರು. ಆದರೆ ಅಯ್ಯೋ ಪಾಪ ಅಂತ ಕೊಂಡವರು ಒಂದು ಸಲ ಕೊಳ್ಳುತ್ತಾರೆ. ಎರಡನೇ ತಿಂಗಳು ಅವರಿಗೆ ಬೇಕಾದ್ದು ಬೆಳಗಿನ ಕಾಫಿ. ಇನ್ನೊಂದು, ಪಾಪ ಅನ್ನಿಸಿಕೊಂಡವರು ಹೊಸ ಜೀಪು ಕೊಳ್ಳುವ ಹಾಗಿಲ್ಲ, ಮಗಳ ನಾಮಕರಣ ಜೋರಾಗಿ ಮಾಡುವ ಹಾಗಿಲ್ಲ. ಆ ಕತೆಗೆ ತಕ್ಕ ಹಾಗೆ ಬಾಳಬೇಕಾಗುತ್ತದೆ.

ಮೂರನೇ ಸಂಜೆ ಪೋಸ್ಟರ್ ಇಲ್ಲ. ಮೈಸೂರಿನಿಂದ ಬಂದಿದ್ದ ಒಬ್ಬ ಹೆಂಗಸು ಪುಡಿ ಮೂಸಿ ನೋಡಿ, 'ಇಲ್ಲಿ ಎಲ್ಲರೂ ಬೀಜಾನೇ ಮಾರ್ತಾರಲ್ಲ, ನೀವ್ಯಾಕೆ ಹುರಿಯೋಕೆ ಹೋದ್ರಿ?' ಅಂತ ಕೇಳಿದರು. ಅತ್ತಿಗೆ ಸುಮ್ನೆ ನಡೆದದ್ದು ಹೇಳಿದರು. ಮೂರು ಮೂಟೆ, 24 ಅಂದದ್ದು, 27 ಇದ್ದದ್ದು, 1,080 ರೂಪಾಯಿಗೆ ಸಿಟ್ಟು ಬಂದದ್ದು, ಜೀಪಿನ ಬಾಡಿಗೆ ದಂಡ ಆದದ್ದು, ಅಮ್ಮ ಬೈದದ್ದು. ಆ ಹೆಂಗಸು ಜೋರಾಗಿ ನಕ್ಕರು. 'ನಮ್ಮ ಯಜಮಾನರಾಗಿದ್ರೆ ಕೊಟ್ಟು ಬರ್ತಿದ್ರು' ಅಂದರು. ಎರಡು ಕಿಲೋ ತಗೊಂಡರು. ಹತ್ತು ನಿಮಿಷಕ್ಕೆ ಅವರ ತಂಗಿ ಬಂದು, 'ಆ ವಾಪಸ್ ಬಂದ ಮೂಟೆ ಕಾಫಿ ಇಲ್ಲೇನಾ?' ಅಂದರು.

ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡು ಇಟ್ಟ ಹೆಸರು ಇವತ್ತಿಗೂ ಯಾರಿಗೂ ನೆನಪಿಲ್ಲ. ಈ ಹೆಸರು ಗಿರಾಕಿ ಇಟ್ಟದ್ದು.

ಯಾಕೆ ಇದು ಕೆಲಸ ಮಾಡಿತು ಅಂತ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ನಮ್ಮ ಕಡೆ ಗಟ್ಟಿಯಾಗಿ ಉಳಿದ ಹುಟ್ಟಿನ ಕತೆಗಳನ್ನು ನೋಡಿ. ಮೈಸೂರು ಸ್ಯಾಂಡಲ್ ಸೋಪು: ಮೊದಲನೇ ಮಹಾಯುದ್ಧಕ್ಕೆ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು, ಸಂಸ್ಥಾನದಲ್ಲಿ ಮರ ರಾಶಿ ಬಿತ್ತು, ಏನು ಮಾಡುವುದು ಅಂತ 1916ರ ಹೊತ್ತಿಗೆ ಇಲ್ಲೇ ಎಣ್ಣೆ ತೆಗೆಯಲು ಶುರು ಮಾಡಿದರು, ಅದರ ಹಿಂದೆ ಸೋಪು ಬಂತು. ರವೆ ಇಡ್ಲಿ: ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಮಾಡಿ ನೋಡಿದೆವು ಅಂತ ಎಂಟಿಆರ್‌ನವರು ಹೇಳುತ್ತಾರೆ. ಎರಡರಲ್ಲೂ ಒಂದು ಇಕ್ಕಟ್ಟು ಇದೆ, ಆ ಇಕ್ಕಟ್ಟಿನಿಂದಲೇ ನಿಮ್ಮ ಕೈಯಲ್ಲಿರುವ ವಸ್ತು ಬಂದಿದೆ. ಕತೆ ತೆಗೆದರೆ ಇಡ್ಲಿಯಲ್ಲಿ ರವೆ ಯಾಕಿದೆ ಅಂತ ಗೊತ್ತಾಗುವುದಿಲ್ಲ. ನನ್ನ ನಾಲ್ಕು ತಲೆಮಾರು ಹಾಗಲ್ಲ. ಅದನ್ನು ಕಾಫಿ ಮೇಲೂ ಅಂಟಿಸಬಹುದು, ಉಪ್ಪಿನಕಾಯಿ ಮೇಲೂ ಅಂಟಿಸಬಹುದು.

ಬಾಬಾ ಬುಡನ್ ಕತೆಯೂ ಹಾಗೇ. ಯೆಮನ್‌ನ ಮೋಖಾದಿಂದ ಬೀಜ ಕದ್ದು ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನುವುದು ಐತಿಹ್ಯ. ನಿಜವೋ ಅಲ್ಲವೋ, ಎಲ್ಲರಿಗೂ ನೆನಪಿರುವುದು 'ಏಳು ಬೀಜ'. ಸ್ವಲ್ಪ ಬೀಜ ತಂದರು ಅಂದಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ ಅಂತ ನನ್ನ ಅಂದಾಜು. ನಮಗೆ ಮೂರು ಮೂಟೆ ಆ ಕೆಲಸ ಮಾಡಿತು. ಜೊತೆಗೆ 1,080 ರೂಪಾಯಿ ಅನ್ನುವ ಸಣ್ಣ ಮೊತ್ತ. ಸಣ್ಣ ದುಡ್ಡಿಗೆ ದೊಡ್ಡ ಸಿಟ್ಟು ಬರುವುದು ಎಲ್ಲರ ಮನೆಯಲ್ಲೂ ಇರುವ ಮಾತು ಅಲ್ವಾ, ತರಕಾರಿಯವನ ಹತ್ತಿರ ಐದು ರೂಪಾಯಿಗೆ ಜಗಳ ಆಡಿ ಖಾಲಿ ಚೀಲ ತಂದವರಿಗೆ ಇದು ತಮ್ಮದೇ ಕತೆ ಅನ್ನಿಸುತ್ತದೆ. ಬಂಗಲೆಯಲ್ಲಿ ಕೂತ ಮುತ್ತಜ್ಜ ಯಾರ ಮನೆಯಲ್ಲೂ ಇಲ್ಲ.

ದಸರಾ ಮುಗಿದ ಮೇಲೆ ಲೇಬಲ್ ಹೊಸದು ಮಾಡಿದೆವು. ಈ ಸಲ ಅತ್ತಿಗೆ ಹೇಳಿದರು, ನಾನು ಬರೆದುಕೊಂಡೆ, ಅಷ್ಟೇ. 'ನಮ್ಮ ಮೂರು ಮೂಟೆಗೆ ಸರಿಯಾದ ರೇಟು ಸಿಗಲಿಲ್ಲ. ವಾಪಸ್ ತಂದು ಮನೆಯಲ್ಲೇ ಹುರಿದೆವು. ಇದು ಅದೇ ತರಹದ ಪುಡಿ. ಹೆಚ್ಚು ರೊಬಸ್ಟಾ, ಸ್ವಲ್ಪ ಅರೇಬಿಕಾ.' ಚಿಕೋರಿ ಹಾಕಿದ್ದಕ್ಕೆ ಬೇರೆ ಪ್ಯಾಕೆಟ್, ಅದರ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ದಪ್ಪ ಅಕ್ಷರದಲ್ಲಿ. ಪ್ರಮಾಣ ಬರೆಯಲೇಬೇಕು ಅಂತ ಕಾನೂನೇ ಇದೆ, ಕಾಫಿ ಕಡೇಪಕ್ಷ 51 ಪರ್ಸೆಂಟ್ ಇರಬೇಕು ಅಂತಲೂ ಇದೆ. ನಮ್ಮದು 80ಕ್ಕೆ 20. ಮೇಲೆ ನೇರ ಮಾತಿನ ಕತೆ ಬರೆದು ಕೆಳಗೆ ಚಿಕೋರಿಯನ್ನು ಇರುವೆ ಗಾತ್ರದಲ್ಲಿ ಬರೆದರೆ ಕತೆಯನ್ನೂ ಯಾರೂ ನಂಬುವುದಿಲ್ಲ.

ವ್ಯಾಪಾರಿಯ ಹೆಸರು, ಊರು ಎಲ್ಲೂ ಹಾಕಲಿಲ್ಲ. ಅತ್ತಿಗೆಯದೇ ಹಟ. 'ನಾಳೆ ಅವನಿಗೇ ಮೆಣಸು ಮಾರಬೇಕು' ಅಂದರು.

ಒಂದು ತಪ್ಪು ಮಾತ್ರ ಆಗಿಯೇಹೋಯಿತು. 'ಮನೆಯಲ್ಲೇ ಹುರಿದೆವು' ಅಂತ ಬರೆದೆವಲ್ಲ, ಕಾಕನ ಸುದ್ದಿಯೇ ಇರಲಿಲ್ಲ. ಅವರ ಮಗ ಒಂದು ದಿನ ಬಜಾರಿನಲ್ಲಿ ಸಿಕ್ಕು, 'ಡ್ರಮ್ ತನ್ನಷ್ಟಕ್ಕೆ ತಿರುಗ್ತಾ?' ಅಂತ ಕೇಳಿದರು. ನಗುತ್ತಲೇ ಕೇಳಿದ್ದು, ಆದರೂ ಚುರುಕ್ ಅಂತು. ಮೊದಲ ಕತೆಯಲ್ಲಿ ಇಲ್ಲದವರನ್ನು ತಂದು ಕೂರಿಸಿದ್ದೆ, ಈ ಕತೆಯಲ್ಲಿ ಇದ್ದವರನ್ನು ಎಬ್ಬಿಸಿ ಕಳಿಸಿದ್ದೆವು. ಮುಂದಿನ ಪ್ರಿಂಟಿನಲ್ಲಿ 'ಹುರಿಯುವುದು ಹೇಳಿಕೊಟ್ಟವರು ಬಜಾರಿನ ಹಳೇ ಪುಡಿ ಅಂಗಡಿ ಕಾಕ' ಅಂತ ಒಂದು ಸಾಲು ಸೇರಿತು. ಈಗ ಸ್ಟಾಲಿನಲ್ಲಿ ಜನ ಜಾಸ್ತಿ ಕೇಳುವುದು ಕಾಕನ ಬಗ್ಗೆಯೇ. ಆ ಪಟಪಟ, ಚಿಟಿಚಿಟಿ ಮಾತನ್ನು ಅತ್ತಿಗೆ ಕೈ ಆಡಿಸಿ ಹೇಳಿದರೆ ಮಕ್ಕಳೂ ನಿಂತು ಕೇಳುತ್ತಾರೆ.

ಹೋಮ್‌ಸ್ಟೇಯವರಿಂದ ನಮಗೆ ಒಳ್ಳೆಯ ವ್ಯಾಪಾರ ಆಯಿತು. ಕಾರಣ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಅವರಿಗೆ ಕಾಫಿಯ ಜೊತೆ ಬೆಳಗ್ಗೆ ತಿಂಡಿ ಬಡಿಸುವಾಗ ಅತಿಥಿಗಳಿಗೆ ಹೇಳಲು ಏನಾದರೂ ಬೇಕು. ನಮ್ಮ ಕತೆಯನ್ನು ಅಡುಗೆ ಮಾಡುವ ಹುಡುಗನೂ ದೋಸೆ ತಿರುವಿ ಹಾಕುವಷ್ಟರಲ್ಲಿ ಹೇಳಿ ಮುಗಿಸಬಹುದು, ಹೇಳುವಾಗ ಸ್ವಲ್ಪ ಹೆಚ್ಚುಕಮ್ಮಿ ಆದರೂ ಮೂಟೆ ವಾಪಸ್ ಬರುವುದು ತಪ್ಪುವುದಿಲ್ಲ. ಒಂದು ಕಡೆ ಮೂಟೆ ಹತ್ತಾಗಿತ್ತು ಅಂತ ಕೇಳಿದೆ. ಅತ್ತಿಗೆ ಫೋನ್ ಮಾಡಿ ಮೂರಕ್ಕೆ ಇಳಿಸಿದರು.

ಆಮೇಲೆ 2024 ಬಂತು. ರೊಬಸ್ಟಾ ಜಾಸ್ತಿ ಬೆಳೆಯುವ ವಿಯೆಟ್ನಾಂನಲ್ಲಿ ಬರ, ಇಲ್ಲಿ ಚೆರ್ರಿ ಮೂಟೆ 10,000 ರೂಪಾಯಿ ದಾಟಿತು. ತೋಟದವರೆಲ್ಲ ಹಬ್ಬ ಮಾಡಿದರು, ನಮ್ಮ ಪ್ಯಾಕೆಟ್ ಮೇಲಿನ ಕತೆ ಒಂದೇ ವಾರದಲ್ಲಿ ಹಳಸಿತು. ಲೆಕ್ಕ ನೋಡಿ. ಅದೇ ಮೂರು ಮೂಟೆಯನ್ನು ಹಾಗೇ ಮಾರಿದರೆ 30,000. ಹುರಿದರೆ 66 ಕಿಲೋ ಪುಡಿ, ನಮ್ಮ ಆಗಿನ ರೇಟು 360, ಅಂದರೆ 24,000ಕ್ಕೂ ಕಮ್ಮಿ, ಅದರಲ್ಲಿ ಮಿಲ್ಲು, ಸೌದೆ, ಕವರು, ಕೂಲಿ ಎಲ್ಲ ಕಳೆಯಬೇಕು. ಹುರಿದಷ್ಟೂ ನಷ್ಟ. 'ರೇಟು ಸಿಗಲಿಲ್ಲ, ಅದಕ್ಕೆ ಹುರಿದೆವು' ಅನ್ನುವ ಮಾತನ್ನು ಯಾವ ಬಾಯಲ್ಲಿ ಹೇಳುವುದು?

ಲೇಬಲ್ ಹಾಗೇ ಬಿಡೋಣ, ಬೆಂಗಳೂರಿನವರಿಗೆ ಚೆರ್ರಿ ರೇಟು ಎಲ್ಲಿ ಗೊತ್ತಾಗುತ್ತೆ ಅಂದೆ. ನೋಡಿ, ನಾನು ಬದಲಾಗಿರಲಿಲ್ಲ. ಅತ್ತಿಗೆ ಪ್ರತಿ ಪ್ಯಾಕೆಟ್ ಒಳಗೆ ಒಂದು ಚೀಟಿ ಹಾಕಿಸಿದರು. 'ಆಗ ಬೀಜಕ್ಕೆ ರೇಟಿಲ್ಲ ಅಂತ ಹುರಿದೆವು. ಈಗ ಬೀಜಕ್ಕೆ ಒಳ್ಳೆಯ ರೇಟಿದೆ, ನಮಗೆ ಖುಷಿ. ಅದಕ್ಕೇ ಪುಡಿಗೆ 640 ಆಗಿದೆ. ಈ ವರ್ಷ ಕಮ್ಮಿ ಹುರಿಯುತ್ತೇವೆ, ಮೊದಲಿಂದ ತಗೊಳ್ಳುತ್ತಿರುವವರಿಗೆ ಮೊದಲು.' ಒಂದಷ್ಟು ಹೋಮ್‌ಸ್ಟೇಯವರು ಬಿಟ್ಟರು, ಅವರಿಗೆ ಗಿಟ್ಟುವುದಿಲ್ಲ, ತಪ್ಪೇನಿಲ್ಲ. ಮನೆಬಳಕೆಗೆ ತರಿಸುವವರಲ್ಲಿ ಹೆಚ್ಚಿನವರು ಉಳಿದರು. ಮೈಸೂರಿನ ಆ ಹೆಂಗಸು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು: 'ರೇಟು ಜಾಸ್ತಿ ಆಯ್ತು ಅಂತ ಬೈಯೋಣ ಅಂತಿದ್ದೆ, ಚೀಟಿ ಓದಿ ನಿಮಗೆ ಒಳ್ಳೇದಾಯ್ತಲ್ಲ ಅನ್ನಿಸ್ತು. ಒಂದು ಕಿಲೋ ಬದಲು ಅರ್ಧ ಕಿಲೋ ಕಳಿಸಿ.'

ಆ ವರ್ಷದ ಕುಯ್ಲು ಮುಗಿಯುವ ಹೊತ್ತಿಗೆ ವ್ಯಾಪಾರಿ ಮನೆಗೇ ಬಂದ. ರೇಟು ಏರಿದಾಗ ಅವರೇ ಮನೆ ಬಾಗಿಲಿಗೆ ಬರುತ್ತಾರೆ, ಅದು ರೂಢಿ. ಜಗಲಿಯಲ್ಲಿ ಕೂತು ಕಾಫಿ ಕುಡಿದ. ಪ್ಯಾಕೆಟ್ ಎತ್ತಿ ಹಿಂದೆ ಮುಂದೆ ಓದಿದ.

'ಅಕ್ಕ, ಇದರಲ್ಲಿರೋ ವ್ಯಾಪಾರಿ ನಾನಲ್ವಾ?'

'ನಿಮ್ಮ ಹೆಸರೆಲ್ಲಿದೆ ಅದರಲ್ಲಿ?' ಅಂದರು ಅತ್ತಿಗೆ.

ಅವನು ನಕ್ಕ. ಕಣದಲ್ಲಿದ್ದ ಮೂಟೆಗಳ ಓಟಿ ನೋಡಿದ, 27 ಅಂತ ತಾನೇ ಹೇಳಿದ. ಹೋಗುವಾಗ ಎರಡು ಪ್ಯಾಕೆಟ್ ಪುಡಿ ಕೊಡಿ ಅಂದ, ರೇಟು ಕೇಳಿ ಸ್ವಲ್ಪ ಕಮ್ಮಿ ಮಾಡಿ ಅಂತ ಚೌಕಾಸಿಗೂ ನಿಂತ. ಅತ್ತಿಗೆ ಒಳಗಿನಿಂದ ತಕ್ಕಡಿ ತಂದು ಎರಡೂ ಪ್ಯಾಕೆಟ್ ಅವನ ಎದುರಿಗೇ ತೂಗಿ, ಮುಳ್ಳು ನಿಲ್ಲುವ ತನಕ ಕಾದು, 640 ಅಂದರು.